ಸ್ಪೀಕರಿನ ಅಯಸ್ಕಾಂತ

ಮೊದಲು ಟ್ಯೂಬಿಗೆ ಒಂದಿಷ್ಟು ಗಾಳಿ.
ಜಾಸ್ತಿ ಬೇಡ, ಕಪ್ಪೆ ನುಂಗಿದ ಹಾವಿನಷ್ಟು.
ಆಮೇಲೆ ಟಬ್ಬಿನ ನೀರಿಗೆ ಗೇಣು ಗೇಣಾಗಿ ಇಳಿಸಿ
ಸುಮ್ಮನೆ ನೋಡಬೇಕು.
ಇರ್ಷಾದನಿಗೆ ಈ ಸುಮ್ಮನೆ ಅನ್ನುವುದೇ ಹತ್ತುವುದಿಲ್ಲ.
ಹದಿನೆಂಟರ ಕೈ, ನೀರನ್ನೇ ಕಲಕಿಬಿಡುತ್ತಾನೆ;
ಕಲಕಿದ ನೀರಲ್ಲಿ ಎಲ್ಲವೂ ಗುಳ್ಳೆ.

‘ತಡಿಯೋ, ನೀರು ನಿಲ್ಲಲಿ.
ತೂತು ಎಲ್ಲೂ ಓಡಿಹೋಗಲ್ಲ,
ಇಲ್ಲಿದ್ದೀನಿ ಅಂತ ಅದೇ ಹೇಳುತ್ತೆ.’

ಭಾನುವಾರ ಅಂಬೇಡ್ಕರ್ ಭವನದ ಹಿಂದಿನ ಕೋಣೆಯಲ್ಲಿ
ರಿಟೈರಾದ ಪೋಸ್ಟ್‌ಮಾಸ್ಟರ್ ಕೆಂಚವೀರಪ್ಪನವರು
ಚಾಪೆ ಹಾಸಿ ಕೂರಿಸುತ್ತಾರೆ ನಮ್ಮನ್ನು, ಏಳೆಂಟು ಜನ.
ಗೋಡೆಯಲ್ಲಿ ಬುದ್ಧ, ಕ್ಯಾಲೆಂಡರಿನವನು,
ಕೆಳಗೆ ಇನ್ನೂ ಹೋದ ವರ್ಷದ ಡಿಸೆಂಬರ್.
ಮೂಗಿನ ತುದಿಯಲ್ಲಿ ಬರುವ ಗಾಳಿ, ಹೋಗುವ ಗಾಳಿ,
ಅಷ್ಟು ನೋಡಿದರೆ ಸಾಕು ಅಂತಾರೆ.
ಮೊದಲ ದಿನ ನಗು ಬಂತು:
ಇಪ್ಪತ್ತೆಂಟು ವರ್ಷ ಗಾಳಿ ನೋಡಿಯೇ
ಅನ್ನ ತಿಂದವನು ನಾನು.
ಎರಡನೆಯ ವಾರ ನಗು ಬರಲಿಲ್ಲ.
ನೀರು ನಿಂತಿತ್ತು. ಗುಳ್ಳೆ ಎದ್ದಿತು.

ಹೆಂಡತಿಗೂ ಹೇಳದ ಮಾತು.
ಕೆಲಸವೇ ಇಲ್ಲದ ಒಂದು ಆಷಾಢ,
ಹೊಳೆಹೊನ್ನೂರು ರಸ್ತೆಯ ನನ್ನ ತಗಡಿನ ಅಂಗಡಿ ಮುಂದೆ
ನಾಯಿ ಬಿಟ್ಟರೆ ಯಾರೂ ನಿಲ್ಲದ ಕಾಲ.
ಚಪ್ಪಲಿ ಮೊಳೆ, ಕಾಲು ಕೆಜಿ ತಂದು
ಮೋರಿಯ ಆಚೆಯ ಇಳಿಜಾರಲ್ಲಿ, ಕರೆಂಟು ಹೋದಾಗ,
ಕೋಳಿಗೆ ನುಚ್ಚು ಎಸೆದ ಹಾಗೆ ಎಸೆದೆ.
ಕೈ ನಡುಗಲಿಲ್ಲ.
ಅದು ಈಗ ನಡುಗಿಸುತ್ತದೆ.

ಮೊದಲು ಬಂದವರು ಸಿಸ್ಟರ್ ಫ್ಲೇವಿಯಾ,
ನೈಟ್ ಡ್ಯೂಟಿಗೆ ಹೊರಟವರು, ಸ್ಕೂಟಿ ತಳ್ಳಿಕೊಂಡು,
ರೈನ್‌ಕೋಟಿನೊಳಗೆ ಬುತ್ತಿ, ಬೂಟಿನ ತುಂಬ ನೀರು.
ಮೊಳೆ ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡೆ.
ನಲವತ್ತು ರೂಪಾಯಿ.
ಐವತ್ತು ಕೊಟ್ಟು, ಚಿಲ್ಲರೆ ಇರಲಿ ಅಂದರು,
‘ಈ ಹೊತ್ತಲ್ಲಿ ನೀವೊಬ್ಬರು ಬಾಗಿಲು ತೆಗೆದಿದ್ರಲ್ಲ,
ನಿಮ್ಮ ಹೊಟ್ಟೆ ತಣ್ಣಗಿರಲಿ.’
ಬೈದಿದ್ದರೆ ಮರೆತಿರುತ್ತಿದ್ದೆ.

ಕೆಂಚವೀರಪ್ಪನವರಿಗೆ ಹೇಳಿದೆ, ಚಾಪೆ ಸುತ್ತುವಾಗ.
ಪಾಪ ಅನ್ನಲಿಲ್ಲ, ಪರಿಹಾರ ಅನ್ನಲಿಲ್ಲ ಅವರು.
ಬಾಕಿ ಉಳಿದ ಕಾಗದದ ಲೆಕ್ಕ ಕೇಳುವಂತೆ,
‘ರಸ್ತೆಯಲ್ಲಿ ಇನ್ನೂ ಎಷ್ಟಿವೆ?’ ಅಂದರು.

ಆರ್ಕೆಸ್ಟ್ರಾದವರು ಬಿಸಾಕಿದ ಸ್ಪೀಕರ್ ಒಡೆದು
ಅದರ ಅಯಸ್ಕಾಂತಕ್ಕೆ ಹಳೇ ಟ್ಯೂಬು ಸೀಳಿ ಕಟ್ಟಿದ್ದೇನೆ.
ಬೆಳಗಿನ ಐದಕ್ಕೆ, ತುಂಗೆಯ ಮಂಜು ಇನ್ನೂ
ರಸ್ತೆ ದಾಟುತ್ತಿರುವಾಗ, ಎಳೆದುಕೊಂಡು ಹೋಗುತ್ತೇನೆ,
ಮೊಂಡು ಕರುವೊಂದನ್ನು ಎಳೆದ ಹಾಗೆ.
ಸಿಕ್ಕುತ್ತವೆ: ಲಾಳದ ಮೊಳೆ, ಹೇರ್‌ಪಿನ್ನು, ಬ್ಲೇಡಿನ ಚೂರು,
ಸೋಡಾ ಮುಚ್ಚಳ, ಒಮ್ಮೆ ಯಾರದೋ ತೊಟ್ಟಿಲ ಕೊಂಡಿ.
ನನ್ನವು ಯಾವುವು ಅಂತ ಗೊತ್ತಾಗುವುದಿಲ್ಲ.
ತುಕ್ಕು ಹಿಡಿದ ಮೇಲೆ ಎಲ್ಲರ ಮೊಳೆಯೂ ಒಂದೇ.

ಪಂಕ್ಚರ್ ಕಡಿಮೆಯಾಗಿದೆ.
‘ನಮ್ಮ ಹೊಟ್ಟೆಗೆ ನೀವೇ ಪ್ಯಾಚ್ ಹಾಕ್ತಿದ್ದೀರಿ ಮಾಮಾ’
ಇರ್ಷಾದ್ ನಗುತ್ತಾನೆ, ಪೂರ್ತಿ ನಗುವಲ್ಲ ಅದು.

ಒಳ್ಳೆಯವನಾದೆ ಅಂದುಕೊಳ್ಳಬೇಡಿ.
ಬಗ್ಗಿ ಹೆಕ್ಕುವಾಗ ಯಾರಾದರೂ ನೋಡಿದರಾ ಅಂತ
ಕಣ್ಣು ಆ ಕಡೆ ಈ ಕಡೆ ಹೋಗುತ್ತದೆ.
ಅದೂ ಗುಳ್ಳೆಯೇ. ನೋಡುತ್ತೇನೆ, ಒಡೆಯುತ್ತದೆ,
ಪಕ್ಕದಲ್ಲೇ ಇನ್ನೊಂದು ಏಳುತ್ತದೆ.

ಮೊನ್ನೆ ಹಾಲಿನ ವ್ಯಾನಿನವನು ಇಳಿದು ಕಾಲರ್ ಹಿಡಿದ:
‘ಮೊಳೆ ಹಾಕೋನು ನೀನೇ ಏನೋ?’
ಡಬ್ಬಿ ತುಂಬ ಸಾಕ್ಷಿ. ಅಲ್ಲ ಅನ್ನಲು
ಬಾಯಿ ತೆರೆದೆ, ಮಾತು ಬರಲಿಲ್ಲ.
ಕೆನ್ನೆ ಉರಿಯಿತು. ಉರಿಯುವ ಕೆನ್ನೆಯ ಮೇಲೆ
ಮಂಜು ಎಷ್ಟು ತಣ್ಣಗಿತ್ತೆಂದರೆ!
ಎಸೆದಾಗ ಹರಕೆ, ಹೆಕ್ಕುವಾಗ ಏಟು;
ತಡವಾಗಿಯಾದರೂ ಟಪಾಲು ಸರಿಯಾದ ವಿಳಾಸಕ್ಕೇ ಬಂದಿದೆ.

ಸಿಸ್ಟರ್ ಈಗಲೂ ಬರುತ್ತಾರೆ, ತಿಂಗಳಿಗೊಮ್ಮೆ, ಗಾಳಿಗೆ.
ಕೂದಲು ಬೆಳ್ಳಗಾಗಿದೆ. ದುಡ್ಡು ಬೇಡ ಅಂದರೂ
ಕಂಪ್ರೆಸರ್ ಮೇಲೆ ಹತ್ತು ರೂಪಾಯಿ ಇಟ್ಟೇ ಹೋಗುತ್ತಾರೆ.
ಹೇಳಬೇಕು.
ಇವತ್ತು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು
ವಾಲ್ವಿನ ಮುಚ್ಚಳ ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ,
ಬಾಯಿಗೆ ಒತ್ತಿ, ಕಾದೆ.
‘ಏನ್ ನೋಡ್ತಿದ್ದೀರಿ ಹಾಲೇಶಪ್ಪ?’ ಅಂದರು.