ಊದುವ ಬಾಯಿ

ರಿಕ್ಷಾದಲ್ಲಿ ಕಾಲ ಬಳಿ ಮಲಗಿಸಿಕೊಂಡು
ಸಾಚಾಪೀರ್ ರಸ್ತೆಯಿಂದ ನಾನಾ ಪೇಠೆಗೆ ತಂದಳು
ಗೂಲೂಬಾಯಿ ಪಸ್ತಾಕಿಯಾ.
ಉರುಳೆಯಂಥ ಮೈ, ಕೆಳಗೆ ಜಾರುವ ಎರಡು ಕಾಲು,
ಹಸಿರು ಬಣ್ಣ ಎದ್ದುಹೋದಲ್ಲಿ ತಗಡು ಕಂದು.
"ನನಗಿಂತ ಇಪ್ಪತ್ತು ವರ್ಷ ಚಿಕ್ಕದು," ಎಂದಳು,
"ಆದರೆ ಮೊದಲು ನಿಂತದ್ದು ಇದೇ."

"ಕಸ ಹೀರುವ ಮಿಷನ್ನಿಗೆ ಇಷ್ಟು ಖರ್ಚು ಯಾಕೆ ಬಾಯಿ,
ಹೊಸದೇ ಬರುತ್ತದಲ್ಲ" ಅಂದೆ.
ಅಂಗಡಿ ನಡೆಸುವವರು ಆಡಬಾರದ ಮಾತು.
ಅವಳು ಕೇಳಿಸಿಕೊಳ್ಳಲಿಲ್ಲ.
ಹತ್ತೂ ಬೆರಳು ಎರಡು ಸಲ ಬಿಡಿಸಿ ತೋರಿಸಿ,
ಅಷ್ಟು ದಿನದಲ್ಲಿ ಬರುತ್ತೇನೆ, ಬಣ್ಣ ಮುಟ್ಟಬೇಡ,
ಎಂದು ಛತ್ರಿ ಬಿಚ್ಚಿದಳು.

ತಿರುಪು ತೆಗೆದೆ.
ಬಟ್ಟೆ ಸುತ್ತಿದ ವಯರು; ಒಳಗಿನ ರಬ್ಬರು ಮುಟ್ಟಿದರೆ ಪುಡಿ.
ಬೇರಿಂಗಿನ ಗ್ರೀಸು ಮೇಣವಾಗಿ, ಮೇಣ ಕಲ್ಲಾಗಿ.
ಕಾರ್ಬನ್ ಎರಡೂ ಸವೆದು ಉಗುರಿನಷ್ಟು.
ಆರ್ಮೇಚರಿನಲ್ಲಿ ಸುಟ್ಟ ವಾಸನೆ, ಹಳೆಯದು, ತಣ್ಣಗಿನದು.
ಅಚ್ಚರಿಯೆಂದರೆ ಚೀಲ.
ಅರವತ್ತು ವರ್ಷದ ಮಿಷನ್ನು,
ಚೀಲದ ಹೊಲಿಗೆಯಲ್ಲಿ ಚಿಟಿಕೆ ಧೂಳಿಲ್ಲ.
ಹೀರುವ ಬಾಯಿಯ ಸುತ್ತು ಹೊಚ್ಚ ಹೊಸದು;
ಹಿಂದೆ, ಗಾಳಿ ಹೊರಬೀಳುವ ಬಾಯಿ ಮಾತ್ರ
ತಿರುಪಿ ತಿರುಪಿ ಸವೆದು ನುಣುಪು.

ಅದರ ಸಂದಿಯಲ್ಲಿ ಒಂದು ಕೂದಲು.
ಚಿಮಟದಿಂದ ಎಳೆದೆ. ಬಂತು, ಬಂತು, ಇನ್ನೂ ಬಂತು,
ಮೇಜಿನ ಈ ತುದಿಯಿಂದ ಆ ತುದಿ.
ಅಭ್ಯಾಸ ಬಿಡದು, ಮೈಕ್ರೋಮೀಟರಿಗೆ ಹಿಡಿದೆ:
ನಲವತ್ತೈದು ಗೇಜ್.
ಅಷ್ಟು ಸಣ್ಣ ತಂತಿ ನಮ್ಮಲ್ಲಿಲ್ಲ.
ಪೊಟ್ಟಣ ಕಟ್ಟಿ ಫ್ಯೂಸ್ ವಯರಿನ ಡಬ್ಬಿಯಲ್ಲಿಟ್ಟೆ.

ಬಿಚ್ಚುವಾಗ ಎಣಿಸು, ಬಿಚ್ಚಿದಷ್ಟೇ ಸುತ್ತು.
ಮಾವ ಕಲಿಸಿಹೋದ ವಿದ್ಯೆ ಇಷ್ಟೇ.
ಗಿರಾಕಿಯೊಡನೆ ಮರಾಠಿ, ತಾಮ್ರದ ಸೇಟನೊಡನೆ ಹಿಂದಿ,
ಎಣಿಕೆ ಮಾತ್ರ ಕನ್ನಡ ಬಿಟ್ಟು ಕದಲದು.
ಮೂವತ್ತಾರು, ಮೂವತ್ತೇಳು, ಮೂವತ್ತೆಂಟು, ಗಂಟು.
ನಡುವೆ ಯಾರಾದರೂ "ತಾಈ, ಮಿಕ್ಸರ್ ಝಾಲಾ ಕಾ?" ಎಂದರೆ
ಮತ್ತೆ ಒಂದರಿಂದ.
ಹನ್ನೆರಡು ಸೀಳು, ಇಪ್ಪತ್ತನಾಲ್ಕು ಕಾಯಿಲ್,
ಆಷಾಢದ ನಾಲ್ಕು ಮಧ್ಯಾಹ್ನ.
ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು
ಹ್ಯಾಕ್ಸಾ ಬ್ಲೇಡಿನ ಮುರುಕಿನಿಂದ ಕೆರೆದು ತಗ್ಗಿಸಿ,
ವಾರ್ನಿಷ್ ಕುಡಿಸಿ, ಬಿಸ್ಕತ್ತಿನ ಡಬ್ಬಿಯೊಳಗೆ
ನೂರು ವ್ಯಾಟಿನ ಬಲ್ಬಿನ ಪಕ್ಕ ಎರಡು ರಾತ್ರಿ ಮಲಗಿಸಿದೆ.
ಜೋನಿಬೆಲ್ಲದ ಬಣ್ಣ ಹೊತ್ತು ಎದ್ದಿತು.

ಸೀರೀಸ್ ಬಲ್ಬಿಗೆ ಜೋಡಿಸಿ ಗುಂಡಿ ಒತ್ತಿದೆ.
ಬಲ್ಬು ಪೂರ್ತಿ ಬೆಳಗಿದರೆ ನಾನು ಸೋತಂತೆ.
ಇದು ಕೆಂಪಗೆ ಅರೆಗಣ್ಣು ತೆರೆದು ನಿಂತಿತು.
ಬಲ್ಬು ತೆಗೆದು ನೇರ ಕೊಟ್ಟೆ:
ಒಂದು ನೀಲಿ ಕಿಡಿ, ಆಮೇಲೆ ಕೂಗು.
ಟಯರಿನಂಗಡಿಯ ಮೊಹ್ಸಿನ್ ಎದ್ದು ಬಂದು
ವಿಮಾನ ಎಲ್ಲಿ ಇಳಿಯಿತೆಂದು ಕೇಳಿದ.

ಹೇಳಿದ ದಿನ ಜಡಿಮಳೆ.
ಬಸ್ಸಿಳಿದು ತೊಯ್ದು ತೊಪ್ಪೆಯಾಗಿ ನಾನು ಬೀಗ ತೆಗೆಯುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದಳು.
ನೆಲದ ತಂತಿಚೂರು ಹೀರಿಸಿ ತೋರಿಸಿದೆ.
ಹೂಂ ಎಂದು, ಕೊಳವೆ ಕಿತ್ತು,
ಹಿಂದಿನ ಬಾಯಿಗೆ ತಿರುಪಿದಳು, ನೋಡದೆಯೇ.

"ರೋದಾಳಿಗೆ ಮೊಣಕಾಲ ತನಕ ಕೂದಲು.
ಮಳೆಗಾಲದಲ್ಲಿ ಮೂರು ದಿನಕ್ಕೂ ಒಣಗದು. ಶೀತ, ಕಿವಿನೋವು.
ಪಪ್ಪಾ ತಂದದ್ದು ಕಾರ್ಪೆಟ್ಟಿಗೆ.
ಕಾರ್ಪೆಟ್ಟನ್ನು ನಾವು ಪೊರಕೆಯಿಂದಲೇ ಗುಡಿಸಿದೆವು.
ತಿರುಗು."

ತಿರುಗಿದೆ. ನನ್ನ ಜಡೆ ಬಿಚ್ಚಿದಳು.
ವಾರ್ನಿಷ್ ವಾಸನೆಯ ಬೆಚ್ಚನೆ ಗಾಳಿ ಹೆಗಲಿಗೆ, ಕಿವಿಯ ಹಿಂದಕ್ಕೆ.
ಎಂಬತ್ತು ದಾಟಿದ ಬೆರಳು ಎಳೆ ಎಳೆ ಬಿಡಿಸುತ್ತ
ಏನೋ ಎಣಿಸುತ್ತಿತ್ತು.
ಗುಜರಾತಿಯೇ ಇರಬೇಕು;
ಮಿಷನ್ನಿನ ಕೂಗಿನಲ್ಲಿ ಕೇಳಲಿಲ್ಲ,
ಎದುರು ನೇತಾಡುವ ಫ್ಯಾನಿನ ಸ್ಟೀಲ್ ಬಟ್ಟಲಲ್ಲಿ
ತುಟಿ ಆಡುವುದಷ್ಟೇ ಕಂಡಿತು.

ಆಮೇಲೆ ಬಿಲ್ಲಿನಲ್ಲಿ ಇನ್ನೂರು ಇಳಿಸೆಂದು ಹಟ ಹಿಡಿದಳು.
ನೂರೈವತ್ತು ಬಿಟ್ಟೆ.
ರಿಕ್ಷಾ ಗಲ್ಲಿಯ ತಿರುವು ದಾಟಿದ ಮೇಲೆ
ಪೊಟ್ಟಣ ನೆನಪಾಯಿತು.
ಇರಲಿ. ವರ್ಷಕ್ಕೊಮ್ಮೆ ಕಾರ್ಬನ್ ಬದಲಿಸಬೇಕು,
ತಪ್ಪದೆ ತರಬೇಕೆಂದು ಹೇಳಿದ್ದೇನೆ.