ಷರಾ

ತ್ಬಿಲಿಸಿಯ ಕಚೇರಿ ನನ್ನನ್ನು ಕಳಿಸಿದ್ದು
ಒಂದು ಊರಿಗೆ ಅಂಕ ಹಾಕಿಸಿ ತರಲು.
ಹದಿನಾಲ್ಕು ಪ್ರಶ್ನೆ, ದಾರಕ್ಕೆ ಕಟ್ಟಿದ ಪೆನ್ನು.
ನೀರು, ದೀಪ, ರಸ್ತೆ, ಆಸ್ಪತ್ರೆ, ನೆರೆಹೊರೆ,
ಒಂದರಿಂದ ಹತ್ತರೊಳಗೆ. ಸೊನ್ನೆ ಕೊಡುವಂತಿಲ್ಲ.
ತುದಿಯಲ್ಲಿ ಬೆರಳಗಲದ ಒಂದು ಕಾಲಂ: ಷರಾ.

ಸಖ್ವೇರಿಯಲ್ಲಿ ಬಸ್ಸಿಳಿದೆ.
ಕಿವಿಗೆ ಹಳದಿ ಬಿಲ್ಲೆ ಹೊಡೆಸಿಕೊಂಡ ನಾಯಿಯೊಂದು
ನನಗಿಂತ ಹೆಚ್ಚು ಸರಕಾರಿ ಗತ್ತಿನಲ್ಲಿ
ಮೈ ಮುರಿದೆದ್ದು ಮುಂದೆ ಮುಂದೆ ನಡೆಯಿತು.
ಕಿಟಕಿಯಿಂದ ಕಂಬಕ್ಕೆ ರಾಟೆಯ ಹಗ್ಗ.
ಗಣಿ ಮುಚ್ಚಿ ಇಪ್ಪತ್ತು ವರ್ಷವಂತೆ,
ಗಣಿಯ ಅಂಗಿ ಮಾತ್ರ
ಇನ್ನೂ ಒಗೆಸಿಕೊಂಡು ಒಣಗುತ್ತಿತ್ತು.

ಒಂಬತ್ತು ಮಹಡಿಯ ಕಟ್ಟಡ.
ಲಿಫ್ಟಿಗೆ ಹತ್ತು ತೆತ್ರಿಯ ನಾಣ್ಯ ತಿನ್ನಿಸಬೇಕು,
ಇಲ್ಲದಿದ್ದರೆ ಕದ ಹಾಕಿಕೊಂಡು ನಿಂತೇಬಿಡುತ್ತದೆ,
ಮದುವೆಮನೆಯಲ್ಲಿ ಮುನಿದ ಭಾವನ ಹಾಗೆ.
ನನ್ನ ಹತ್ತಿರ ಇದ್ದದ್ದು ಒಂದೇ ದೊಡ್ಡ ನೋಟು.
ಮೆಟ್ಟಿಲ ಕಡೆ ತಿರುಗಿದವನು ಕಂಡೆ:
ಗುಂಡಿಗಳ ಪಕ್ಕ, ತಂತಿ ಸುತ್ತಿ ತೂಗುಹಾಕಿದ
ಮೀನಿನ ಡಬ್ಬಿ. ಒಳಗೆ ಏಳೆಂಟು ನಾಣ್ಯ.

ಯಾರು ಇಟ್ಟದ್ದು?
ಮೂರನೆಯ ಮಹಡಿಯ ವೆನೇರಾ: ನಾನಲ್ಲಪ್ಪ, ಮೊದಲಿಂದ ಇದೆ.
ಆರನೆಯ ಮಹಡಿಯ ಹಲ್ಲಿನ ಡಾಕ್ಟರು ಜುಂಬೇರ್:
ನಾನು ಹತ್ತುವುದೇ ಮೆಟ್ಟಿಲಲ್ಲಿ, ನನಗೇಕೆ ಅದರ ಉಸಾಬರಿ?
ಅಂದು ಬಾಗಿಲು ಹಾಕಿಕೊಳ್ಳುವಾಗ
ಅವನ ಕೋಟಿನ ಜೇಬು ಝಲ್ಲೆಂದಿತು.

ಎಂಟನೆಯ ಮಹಡಿಯಲ್ಲಿ ವಾರ್ಲಾಮ್.
ನೀರು? ಒಂದು.
ದೀಪ? ಎರಡು. ಜನವರಿಯಲ್ಲಿ ಕೇಳಿದ್ದರೆ ಒಂದು.
ಆಸ್ಪತ್ರೆ? ನಕ್ಕ. ಬಹಳ ಹೊತ್ತು ನಕ್ಕ.
ನಗುವನ್ನು ಎಷ್ಟೆಂದು ಬರೆಯಲಿ?
ನೆರೆಹೊರೆ?
ಕೆಳಗಿನ ತ್ಸಿಯಾಲಾ, ಅಂಗಳದ ಅಕ್ರೋಟ ಮರ ಕಡಿಸಿದವಳು,
ಅವಳೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷ.
ಬರೆದುಕೋ: ಒಂದು. ದಪ್ಪಗೆ ಬರೆ.

ಬರೆಯುತ್ತಿರುವಾಗಲೇ ಗೋಡೆಯ ಪೈಪಿನಲ್ಲಿ
ಟಣ್, ಟಣ್, ಟಣ್.
ಮುದುಕ ಚೆಂಡಿನಂತೆ ಎದ್ದ.
ನೀರು ಬಂತು! ಹಿಡಿ ಆ ಬಕೆಟ್ಟು!
ಬಡಿದವರು ಯಾರು? ಅವಳೇ, ಇನ್ಯಾರು,
ಕೆಳಗೆ ತಾನೆ ಮೊದಲು ಬರೋದು?
ಮಾತು ಬಿಟ್ಟಿದ್ದೀರಲ್ಲ?
ಬಿಟ್ಟಿರೋದು ಮಾತು. ನೀರಿನ ಸುದ್ದಿ ಬಿಡೋಕಾಗುತ್ತೇನಯ್ಯಾ?
ಅಂದವನೇ ಸೌಟು ತೆಗೆದು
ಒಂಬತ್ತನೆಯ ಮಹಡಿಗೆ ಬಡಿದ.
ಮೇಲಿಂದ ಒಂದೇ ಟಣ್ಣು ಇಳಿಯಿತು: ಗೊತ್ತಾಯಿತು.

ಫಾರಂ ಕಂಕುಳಿಗೆ ಸಿಕ್ಕಿಸಿಕೊಂಡು
ಬಕೆಟ್ಟು, ಬೋಗುಣಿ, ಉಪ್ಪಿನಕಾಯಿ ಭರಣಿ,
ಕೊನೆಗೆ ಹೂದಾನಿಯನ್ನೂ ತುಂಬಿಸಿದೆ.
ಶಾಯಿ ಹರಡಿ
ನೆರೆಹೊರೆಯ ಒಂದು ನೀರಿನ ಒಂದಕ್ಕೆ ತಾಗಿತು.

ಇಳಿಯಲು ಲಿಫ್ಟಿಗೆ ದುಡ್ಡಿಲ್ಲ.
ಒಲೆಯ ಗೋಡೆಯಿಂದ ಆಗಷ್ಟೇ ಬಿಡಿಸಿದ ರೊಟ್ಟಿ ಕೊಂಡು,
ನೋಟು ಮುರಿಸಿ,
ಮತ್ತೆ ಹಿಂದಿರುಗಿ ಡಬ್ಬಿಗೆ ಚಿಲ್ಲರೆ ಸುರಿದೆ,
ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು.
ನಾಯಿ ನೋಡಿತು. ಅದಕ್ಕೆ ಅರ್ಧ ರೊಟ್ಟಿ ಲಂಚ.

ಷರಾ ಕಾಲಂನಲ್ಲಿ ಹಿಡಿದದ್ದು ಒಂದೇ ಶಬ್ದ: ಪೈಪು.
ಕಚೇರಿಯವರು ಅದನ್ನು ಕೊಳಾಯಿ ರಿಪೇರಿಯ ದೂರೆಂದು ದಾಖಲಿಸಿದರು.
ನಲವತ್ತಮೂರು ಊರುಗಳಲ್ಲಿ ಸಖ್ವೇರಿ ನಲವತ್ತೊಂದನೆಯದು.
ತಪ್ಪೆನ್ನಲಾರೆ. ಆಸ್ಪತ್ರೆ ನಿಜಕ್ಕೂ ಇಲ್ಲ.

ಮೊನ್ನೆ ರಾತ್ರಿ ನನ್ನ ಬೀದಿಯಲ್ಲಿ ನೀರು ನಿಂತಿತ್ತು.
ಹನ್ನೊಂದರ ಹೊತ್ತಿಗೆ ನಲ್ಲಿ ಕೆಮ್ಮಿ, ಕೆಂಪಗೆ ಉಗುಳಿ, ತಿಳಿಯಾಯಿತು.
ಏನನ್ನಿಸಿತೋ, ಚಮಚ ತೆಗೆದು ಪೈಪಿಗೆ ಬಡಿದೆ.
ಟಣ್, ಟಣ್, ಟಣ್.
ಮೇಲೆ ಕುರ್ಚಿ ಎಳೆದ ಸದ್ದು. ಕಿಟಕಿ ತೆರೆಯಿತು.
ಯಾರದು? ಯಾರ್ರೀ ಅದು ಕೆಳಗೆ?

ಈ ಮನೆಗೆ ಬಂದು ಒಂಬತ್ತು ವರ್ಷ.
ಯಾರೆಂದು ಕೇಳಿದ್ದು
ಇದೇ ಮೊದಲು.