ತಕ್ಕದ್ದು, ಬಹುದು

ಕಾಗದ ಒಯ್ದವನು ನಾನೇ.
ಒಟ್ಟಾವದ ಫೆಬ್ರವರಿ. ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ,
ಬಿಟ್ಟ ಉಸಿರು ಮೀಸೆಯ ಮೇಲೆ ಉಪ್ಪಾಗುವ ಬೆಳಿಗ್ಗೆ.
ಹಸಿರು ಕುರ್ಚಿಗಳ ಮನೆಯಿಂದ ಕೆಂಪು ಕುರ್ಚಿಗಳ ಮನೆಗೆ
ಹೆಪ್ಪುಗಟ್ಟಿದ ಕಾಲುವೆಯ ಸೇತುವೆ ದಾಟಿ ನಡೆದೆ.
ಚೀಲದಲ್ಲಿ ಒಂದು ಮಸೂದೆ,
ಎರಡು ಭಾಷೆಗಳಲ್ಲಿ, ನಾಲ್ಕೇ ಪುಟ.

ಗೋಧಿಯ ಸೀಮೆಯಲ್ಲಿ ಮಣ್ಣುದಾರಿ ರೈಲುಹಳಿ ದಾಟುವ ಕಡೆ
ಗೇಟಿಲ್ಲ, ದೀಪವಿಲ್ಲ,
ಅಡ್ಡಡ್ಡ ಮೊಳೆ ಹೊಡೆದ ಎರಡು ಬಿಳಿ ಹಲಗೆ ಅಷ್ಟೇ.
ಅಲ್ಲಿ ಗಂಟೆ ಅಳವಡಿಸತಕ್ಕದ್ದು.
ಮಸೂದೆಯ ಹೊಟ್ಟೆಯಲ್ಲಿದ್ದ ಮಾತು ಇಷ್ಟು.

ಡ್ವೇನ್ ಪ್ರಿಸ್ತುಪ, ಹಿಂದಿನ ಬೆಂಚಿನ ಸದಸ್ಯ,
ಚೀಟಿ ಎತ್ತಿದಾಗ ಹೆಸರು ಬಂತೆಂದು ಅದನ್ನು ಮಂಡಿಸಿದ.
ಮೊದಲನೆಯ ಓದು: ಯಾರೂ ಓದಲಿಲ್ಲ, ಹೆಸರು ಕೂಗಿದರು.
ಎರಡನೆಯ ಓದು: ತತ್ವದ ಚರ್ಚೆ.
ಗಂಟೆಗೂ ಒಂದು ತತ್ವವಿದೆಯೆಂದು ಆವತ್ತು ಗೊತ್ತಾಯಿತು.
ಆಮೇಲೆ ಸಮಿತಿ. ಕಿಟಕಿಯಿಲ್ಲದ ಕೋಣೆ, ಆರಿದ ಕಾಫಿ,
ರೈಲು ಕಂಪನಿಯ ವಕೀಲ ತಂದ ಲೆಕ್ಕ:
ಇಷ್ಟು ಸಾವಿರ ದಾಟುಗಳು, ಒಂದೊಂದಕ್ಕೆ ಇಷ್ಟು ಡಾಲರು.

ಓರಿಸ್ಯಾ ಹ್ಲಾದ್ಯುಕ್‌ಗೆ ಐದು ನಿಮಿಷ ಕೊಟ್ಟಿದ್ದರು.
ಮೂರೇ ಸಾಕಾಯಿತು.
"ಸೂರ್ಯ ಎದುರಿಗಿದ್ದ. ನನ್ನ ತಮ್ಮ ರೇಡಿಯೋ ಹಾಕಿಕೊಂಡಿದ್ದ.
ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿದ ರೈಲು
ಅವನಿಗೆ ಕೇಳಿಸಲಿಲ್ಲ."
ಉಳಿದೆರಡು ನಿಮಿಷವನ್ನು ಏನು ಮಾಡುವುದೆಂದು
ಅಧ್ಯಕ್ಷರಿಗೂ ತೋಚಲಿಲ್ಲ.
ವಕೀಲ ತನ್ನ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ.

ಮೂರನೆಯ ಓದಿಗೆ ಒಬ್ಬೊಬ್ಬರೇ ಎದ್ದರು, ಎಣಿಸಿದೆವು, ಗೆದ್ದಿತು.
ಹೀಗೆ ನನ್ನ ಚೀಲಕ್ಕೆ ಬಂತು.

ಕೆಂಪು ಕುರ್ಚಿಯವರು ಈಗ ಕೂರುವುದು ಹಳೆಯ ರೈಲು ನಿಲ್ದಾಣದಲ್ಲಿ.
ತಮ್ಮ ಮನೆಯ ರಿಪೇರಿ ಮುಗಿಯುವ ತನಕ.
ಚಾವಣಿ ಇನ್ನೂ ಯಾವುದೋ ಗಾಡಿಗೆ ಕಾಯುವ ಎತ್ತರದಲ್ಲಿದೆ.
ಭಾಷಣ ಮಾಡಿದವರಲ್ಲಿ ಒಬ್ಬರೂ ಇದನ್ನು ಹೇಳಲಿಲ್ಲ.
ನಾನು ಗುಮಾಸ್ತ. ನನಗೆ ಮೈಕಿಲ್ಲ.

ಅಲ್ಲಿ ಮತ್ತೆ ಮೂರು ಓದು, ಮತ್ತೆ ಸಮಿತಿ.
"ಒಮ್ಮೆ ನೋಡಿದ್ದನ್ನು ಮತ್ತೇಕೆ ನೋಡುವುದು?" ಎಂದು
ಇಪ್ಪತ್ತು ವರ್ಷದಿಂದ ಗೊಣಗಿದವನು ನಾನು.
ಸಿಮೋನ್ ಥೆರಿಯೋ, ಸಮುದ್ರತೀರದಿಂದ ಬಂದ ಸೆನೆಟರ್,
ಕನ್ನಡಕ ಹಣೆಗೇರಿಸಿ, ಹಾಳೆಯನ್ನು ಮೂಗಿಗೆ ತಂದು
ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಪದ ಆರಿಸುತ್ತ ಹೋದರು.
ಮೂರನೆಯ ಪುಟದಲ್ಲಿ ನಿಂತರು.
ಇಂಗ್ಲಿಷಿನಲ್ಲಿ "ತಕ್ಕದ್ದು" ಎಂದಿದ್ದುದು
ಫ್ರೆಂಚಿನಲ್ಲಿ "ಬಹುದು" ಆಗಿತ್ತು.
ಕಾನೂನಿನ ತಕ್ಕಡಿಯಲ್ಲಿ ಎರಡೂ ಭಾಷೆ ಸಮ.
"ಹಾಗಾದರೆ," ಎಂದರು,
"ರೈಲು ಯಾವ ಭಾಷೆಯಲ್ಲಿ ಬರುತ್ತದೆಂದು ಮೊದಲು ಕೇಳಿಕೊಳ್ಳಬೇಕು."
ಯಾರೋ ನಕ್ಕರು. ಅವರು ನಗಲಿಲ್ಲ.

ತಿದ್ದುಪಡಿಯಾಯಿತು. ಸಂದೇಶ ಬರೆದೆವು.
ಅದೇ ಸೇತುವೆ, ವಾಪಸು.
ಕಾಲುವೆಯ ಹಿಮ ಅಷ್ಟರಲ್ಲಿ ಬಿರುಕುಬಿಟ್ಟು ನೀರು ಕಪ್ಪಗೆ ಕಾಣುತ್ತಿತ್ತು.
ಒಂದೇ ಪದ ಹೊತ್ತಿದ್ದೆ. ಚೀಲದ ಪಟ್ಟಿ ಹೆಗಲು ಕೊಯ್ಯಿತು,
ಗೊಣಗಲಿಲ್ಲ.
ಹಸಿರು ಮನೆ ಒಪ್ಪಿತು, ನಲವತ್ತು ಸೆಕೆಂಡಿನಲ್ಲಿ,
ಅರ್ಧ ಜನ ಊಟಕ್ಕೆ ಹೋಗಿದ್ದಾಗ.

ಜೂನಿನಲ್ಲಿ, ಆ ನಿಲ್ದಾಣದಲ್ಲೇ,
ದೊರೆಯ ಪ್ರತಿನಿಧಿ ತಲೆಯಾಡಿಸಿದರು.
ಮಾತಿಲ್ಲ, ಸಹಿಯ ಸದ್ದಿಲ್ಲ, ಗಲ್ಲ ಒಂದಿಂಚು ಕೆಳಗೆ, ಮೇಲಕ್ಕೆ.
ನಾಲ್ಕು ಪುಟ ಕಾಯಿದೆಯಾಯಿತು.

ಅಚ್ಚಾದ ಪ್ರತಿಯೊಂದನ್ನು ಓರಿಸ್ಯಾಗೆ ಕಳಿಸಿದೆ,
ಅದು ನನ್ನ ಕೆಲಸವಲ್ಲದಿದ್ದರೂ.
ಉತ್ತರ ಬಂತು, ಪೆನ್ಸಿಲಿನಲ್ಲಿ:
"ಕೊನೆಯ ಕಲಮನ್ನು ಎರಡು ಸಲ ಓದಿದೆ.
ಸಂಪುಟವು ಗೊತ್ತುಪಡಿಸುವ ದಿನದಿಂದ ಜಾರಿಗೆ ಬರತಕ್ಕದ್ದು ಎಂದಿದೆ.
ಆ ದಿನ ಯಾವುದು?"

ಎರಡು ಮನೆ, ಆರು ಓದು,
ಕಲ್ಲು ಆರಿಸುವ ಕಣ್ಣು,
ಆ ಸಾಲನ್ನು ಯಾರೂ ತಡೆಯಲಿಲ್ಲ. ಎಲ್ಲ ಕಾಯಿದೆಯಲ್ಲೂ ಇರುವ ಸಾಲು ಅದು,
ಬಾಗಿಲ ಹಿಂದಿನ ಪೊರಕೆಯಂತೆ.

ಹದಿನೈದು ದಿನಕ್ಕೊಮ್ಮೆ, ಬುಧವಾರ, ರಾಜಪತ್ರ ಬರುತ್ತದೆ.
ಕೋಟು ಬಿಚ್ಚುವ ಮೊದಲು ಹಾಳೆ ತಿರುವುತ್ತೇನೆ.
ಪೆನ್ಸಿಲಿನ ಆ ಕಾಗದ ಇನ್ನೂ ಮೇಜಿನ ಮೇಲಿದೆ.
ಉತ್ತರ ಬರೆಯಬಹುದು.
ಬರೆಯತಕ್ಕದ್ದು.